ತಡೆದವನೂ ಗೆದ್ದವನೇ

ಕ್ರೀಡೆಯು ಎಳೆಯರ ದೇಹವನ್ನು ಗಟ್ಟಿಗೊಳಿಸುವಂತೆ ಮನಸ್ಸನ್ನೂ ಹದಗೊಳಿಸಬೇಕೆಂದು ಹಿರಿಯರು ಹೇಳುತ್ತಾರೆ. ಆದರೆ ಸೋಲನ್ನು ಮಕ್ಕಳು ಹೇಗೆ ಅರಗಿಸಿಕೊಳ್ಳಬೇಕು, ಆ ವೇಳೆಯಲ್ಲಿ ಮನೆಯವರು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ತಿಳಿಸುವವರು ವಿರಳ. ಈ ವಿಚಾರವಾಗಿ ದೂರದ ಕೆನಡಾದಲ್ಲಿ ನಾವು ಕಂಡುದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಕಲಘಟಗಿ ತಾಲೂಕಿನ ಮಿಶ್ರಿಕೋಟಿಯವರಾದ ನಮಗೆ ಹಾಕಿಯೆಂದರೆ ಬಯಲಿನ ಆಟ. ಮಂಜುಗಡ್ಡೆಯೆಂದರೆ ಜಾತ್ರೆಯಲ್ಲಿ ಶರಬತ್ತಿಗೆ ಹಾಕುವ ವಸ್ತು. 2022ರ ಆಗಸ್ಟ್‌ನಲ್ಲಿ, ನಮ್ಮಲ್ಲಿ ಶ್ರಾವಣ ನಡೆದಿದ್ದಾಗ, ನಾವು ದಂಪತಿಗಳು ಎಡ್ಮಂಟನ್ ನಗರದ ಮಗಳ ಮನೆಯಲ್ಲಿದ್ದೆವು. ಹದಿಮೂರು ವರ್ಷದ ಮೊಮ್ಮಗ ಅಲ್ಲಿಯ ಮಂಜಿನ ಹಾಕಿಯನ್ನು ಆಡುತ್ತಿದ್ದ. ಉಕ್ಕಿನ ಅಲಗುಳ್ಳ ಬೂಟು ಧರಿಸಿ, ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪದ ರಬ್ಬರ್ ಬಿಲ್ಲೆಯನ್ನು ಕೋಲಿನಿಂದ ಹೊಡೆಯುವ ಆಟವದು. ಗೋಲುರಕ್ಷಕನೂ ಸೇರಿ ಒಂದೊಂದು ಕಡೆಗೆ ಆರು ಜನ. ಇಪ್ಪತ್ತು ನಿಮಿಷಗಳ ಮೂರು ಅವಧಿ.

ಆ ದಿನಗಳಲ್ಲಿಯೇ ಮೇಲಿನ ದರ್ಜೆಯ ಬಾಲಕರ ತಂಡಕ್ಕೆ ಆಯ್ಕೆ ನಡೆದು ಮೊಮ್ಮಗನ ಹೆಸರು ಬಿಟ್ಟುಹೋಯಿತು. ಬೂಟುಗಳನ್ನು ನೆಲಮಾಳಿಗೆಯಲ್ಲಿ ಎಸೆದು ಅವನು ಮಾತು ಬಿಟ್ಟ. ನಸುಕಿನಲ್ಲೆದ್ದು ವರ್ಷಗಟ್ಟಲೆ ಅವನನ್ನು ಕರೆದೊಯ್ದಿದ್ದ ಮಗಳು, ಇನ್ನು ಆಟ ಸಾಕು, ಓದು ಸಾಕಷ್ಟಿದೆ ಎಂದಳು. ಅಳಿಯಂದಿರು ತರಬೇತುದಾರರೊಡನೆ ವಾದಕ್ಕಿಳಿಯಲು ಸಿದ್ಧರಾದರು. ಮನೆಗೆ ಮನೆಯೇ ಮೌನವಾಯಿತು.

ಇಪ್ಪತ್ತು ವರ್ಷದೊಳಗಿನವರ ವಿಶ್ವ ಪಂದ್ಯಾವಳಿಯು ಆಗ ಅದೇ ಊರಿನಲ್ಲಿ ನಡೆದಿತ್ತು. 1977ರಿಂದ ಅಧಿಕೃತವಾಗಿ ನಡೆಯುತ್ತಿರುವ ಈ ಪಂದ್ಯಾವಳಿ ಕ್ರಿಸ್‌ಮಸ್ ಮರುದಿನ ಆರಂಭವಾಗುವುದು ರೂಢಿ. 2021ರ ಡಿಸೆಂಬರ್‌ನಲ್ಲಿ ಕೋವಿಡ್ ನಿಮಿತ್ತ ನಡುವೆಯೇ ನಿಂತದ್ದರಿಂದ ಅದನ್ನು ಆಗಸ್ಟ್‌ನಲ್ಲಿ ಹೊಸದಾಗಿ ಆಡಿಸಿದರು. ಹತ್ತು ದೇಶಗಳ ತರುಣರು ಬಂದಿದ್ದರು.

ಆಗಸ್ಟ್ 20ರಂದು ಅಂತಿಮ ಪಂದ್ಯ. ಶಾಲು ಹೊದ್ದು ರೋಜರ್ಸ್ ಪ್ಲೇಸ್ ಕ್ರೀಡಾಂಗಣದಲ್ಲಿ ಕುಳಿತೆವು. ಎರಡು ಗೋಲುಗಳಿಂದ ಮುಂದಿದ್ದ ಕೆನಡಾವನ್ನು ಫಿನ್ಲೆಂಡ್ ಸಮಗಟ್ಟಿತು. ಹೆಚ್ಚುವರಿ ಅವಧಿಯಲ್ಲಿ ಫಿನ್ಲೆಂಡಿನ ಬಿಲ್ಲೆ ಗೋಲುರಕ್ಷಕನನ್ನು ದಾಟಿ ಗೆರೆಯ ಮೇಲೆ ಬೀಳುವುದರಲ್ಲಿತ್ತು. ಕೆನಡಾದ ನಾಯಕ ಮೇಸನ್ ಮ್ಯಾಕ್‌ಟ್ಯಾವಿಶ್ ಅದನ್ನು ಗಾಳಿಯಲ್ಲಿಯೇ ಕೋಲಿನಿಂದ ಆಚೆಗೆ ತಳ್ಳಿದ. ಸ್ವಲ್ಪ ಹೊತ್ತಿನಲ್ಲಿಯೇ ಕೆಂಟ್ ಜಾನ್ಸನ್ ಗೋಲು ಹೊಡೆದ. 3–2ರಿಂದ ಚಿನ್ನ ಕೆನಡಾದ ಪಾಲಾಯಿತು.

ಮರಳುವಾಗ ಅಳಿಯಂದಿರು 1987ರ ಕಥೆ ಹೇಳಿದರು. ಚೆಕೊಸ್ಲೊವಾಕಿಯಾದ ಪಿಯೆಶ್ಟ್ಯಾನಿಯಲ್ಲಿ ಇದೇ ಪಂದ್ಯಾವಳಿಯಲ್ಲಿ ಕೆನಡಾ ಮತ್ತು ಸೋವಿಯತ್ ತರುಣರು ಕೈಕೈ ಮಿಲಾಯಿಸಿದರು. ದೀಪ ಆರಿಸಿದರೂ ಹೊಡೆದಾಟ ನಿಲ್ಲಲಿಲ್ಲ. ಎರಡೂ ತಂಡಗಳನ್ನು ಹೊರಹಾಕಲಾಯಿತು. 4–2ರಿಂದ ಮುಂದಿದ್ದ ಕೆನಡಾಕ್ಕೆ ಯಾವ ಪದಕವೂ ದಕ್ಕಲಿಲ್ಲ. ಸಿಟ್ಟಿನಿಂದ ಕೈಗೆ ಬಂದುದೂ ಹೋಯಿತೆಂದು ತಾವೇ ಅಂದು ಸುಮ್ಮನಾದರು. ವಾದದ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಆಗ ಮೊಮ್ಮಗ ಮೊದಲ ಸಲ ಬಾಯಿ ತೆರೆದ: "ಅಜ್ಜಾ, ಅವ ತಡೀಲಿಲ್ಲಂದ್ರ ಇವ ಹೊಡೀತಿರಲಿಲ್ಲಲ್ಲ?" ನಾವು ಉಪದೇಶ ಮಾಡಲಿಲ್ಲ, ಹೌದೆಂದೆವು, ಅಷ್ಟೇ. ಮರುದಿನ ಬೂಟುಗಳು ಮೇಲೆ ಬಂದವು. ಕೆಳಗಿನ ದರ್ಜೆಯ ತಂಡದಲ್ಲಿ ರಕ್ಷಣೆಯ ಸ್ಥಾನ ಕೇಳಿ ಪಡೆದ. ಓದು ಕೆಡಬಾರದೆಂಬ ಕರಾರಿನ ಮೇಲೆ ಮಗಳು ಮತ್ತೆ ನಸುಕಿನಲ್ಲೇಳತೊಡಗಿದಳು. ಮೇಲಿನ ತಂಡ ಅವನಿಗೆ ಇಂದಿಗೂ ಒಲಿದಿಲ್ಲ. ಆದರೂ ಆಡುತ್ತಾನೆ, ಕಿರಿಯರಿಗೆ ಮಂಜಿನ ಮೇಲೆ ನಿಲ್ಲುವುದನ್ನು ಕಲಿಸುತ್ತಾನೆ.

ನಮ್ಮ ಊರುಗಳಲ್ಲಿಯೂ ಪರೀಕ್ಷೆಯ ಫಲಿತಾಂಶ ಬಂದ ದಿನ ಎಷ್ಟೋ ಮನೆಗಳಲ್ಲಿ ಇಂತಹ ಮೌನ ಕವಿಯುತ್ತದೆ. ಅಂದು ಮಗುವಿನ ಪರವಾಗಿ ಜಗಳವಾಡುವುದೂ ಬೇಡ, ಮಗುವಿನೊಡನೆ ಜಗಳವಾಡುವುದೂ ಬೇಡ. ಬಳಿಯಲ್ಲಿ ಕುಳಿತು ಒಂದು ತುತ್ತು ಉಣ್ಣಿಸಿದರೆ ಸಾಕು. ತನಗೊಪ್ಪುವ ಸ್ಥಾನವನ್ನು ಅದು ನಿಧಾನವಾಗಿ ತಾನೇ ಕಂಡುಕೊಂಡೀತು.