ತೊಣ್ಣೂರು ಕೆರೆಗೆ ಕಾಲುನಡಿಗೆ

ಬರುವ ಶನಿವಾರ ಪಾಂಡವಪುರದಿಂದ ತೊಣ್ಣೂರು ಕೆರೆಗೆ ನಡೆದುಹೋಗಿ, ಭಾನುವಾರ ಹಿಂದಿರುಗುವುದೆಂದು ನಿಶ್ಚಯಿಸಿರುವೆವು. ಹಾದಿ ಸುಮಾರು 10 ಕಿಲೋಮೀಟರು, ದೃಢಕಾಯರಿಗೆ ಅಲ್ಪವೇ. ಆದರೆ ನಮ್ಮ ಗೃಹಿಣಿಗೆ ಇದು ಪ್ರಥಮ ಪಾದಯಾತ್ರೆ. ಅರ್ಧದಾರಿಯಲ್ಲಿ ಬಸವಳಿದರೆ ಆಕೆ ಮತ್ತೊಮ್ಮೆ ಇಂತಹುದಕ್ಕೆ ಹೊಸ್ತಿಲು ದಾಟಲಾರಳು. ಆದುದರಿಂದ ಆಕೆಯ ಹೆಜ್ಜೆಯನ್ನೇ ಪ್ರಮಾಣವಾಗಿ ಹಿಡಿದೆವು: ನಸುಕಿನ ತಂಪಿನಲ್ಲಿ ಹೊರಡುವುದು, ಬಿಸಿಲೇರಿದೊಡನೆ ನೆರಳು ಸೇರುವುದು, ರಾತ್ರಿ ಊರೊಳಗೇ ತಂಗುವುದು. ಹೊಸ ಪಾದರಕ್ಷೆ ಸರ್ವಥಾ ಕೂಡದು. ಸವೆದು ಕಾಲಿಗೆ ಒಗ್ಗಿದುದೇ ಲೇಸು. ಹೊದಿಕೆ, ನೀರು, ಬುತ್ತಿ, ದೀಪ, ಇಷ್ಟೇ ಗಂಟು. ಚಟ್ನಿಪುಡಿಯ ಡಬ್ಬಿಯನ್ನು ಮಾತ್ರ ಆಕೆ ಬಿಡಲೊಲ್ಲಳು. ಅದರ ಭಾರ ನಮ್ಮ ಹೆಗಲಿಗೆ. ಎರಡು ಗುಡ್ಡಗಳ ನಡುವಣ ಆ ಏರಿಯಿಂದ ಕಾಣುವ ತಿಳಿನೀರಿಗೆ ನಾಸಿರ್ ಜಂಗನು 1746ರಲ್ಲಿ ಮೋತಿ ತಲಾಬೆಂದು, ಎಂದರೆ ಮುತ್ತಿನ ಕೆರೆಯೆಂದು, ಹೆಸರಿಟ್ಟನಂತೆ. ಆಕೆ ಏನೆನ್ನುವಳೋ, ಕೇಳಬೇಕೆಂಬ ಕುತೂಹಲ ನಮಗೆ.