ತಾರಸಿ ಕರೆಂಟಿಗೆ ಒಂದು ಡಬ್ಬ

ಹೋದ ಸಲ ಹಿದುಕಿದ ಅವರೆಬೇಳೆ ಸಾರಿನ ಬಗ್ಗೆ ಬರ್ದಿದ್ದೆ. ಅದನ್ನ ಓದಿ ನಮ್ಮ ದೊಡ್ಡಮ್ಮನ ಮಗಳು ಫೋನ್ ಮಾಡಿದ್ಲು. ‘ಸಾರು ಇರ್ಲಿ ಕನಕ್ಕ, ನಮ್ಮನ ತಾರಸಿ ಮ್ಯಾಲೂ ಸೋಲಾರ್ ಹಾಕುಸ್ತಾವ್ರೆ. ಅದ್ಯಾನೋ ಡಬ್ಬ ತಕಬೇಕಂತ. ನಿಮ್ಮನದು ಯಾವ್ದು, ಹೇಳು’ ಅಂದ್ಲು. ಫೋನಲ್ಲಿ ಹೇಳಿ ಮುಗಿಯೋ ಮಾತಲ್ಲ. ಅದ್ಕೇ ಎಲ್ರಿಗೂ ಆಗ್ಲಿ ಅಂತ ಇಲ್ಲಿ ಬರೀತಿದೀನಿ.

ಪಿಯುಸಿ ಓದಿರೋಳು ಕರೆಂಟ್ ಡಬ್ಬದ ವಿಚಾರ ಬರೀತಾಳೆ ಅಂತ ನಗಬ್ಯಾಡಿ. ಆ ಡಬ್ಬ ಇರೋದು ಅಡಿಗೆಮನೆ ಹಿಂದ್ಗಡೆ ಗೋಡೇಲಿ. ದಿನಾ ಒದ್ದೆ ಕೈಯಲ್ಲಿ ಅದ್ರ ಮುಂದೆ ಓಡಾಡೋಳು ನಾನು, ಗಂಡಸ್ರಲ್ಲ.

ಗೃಹಜ್ಯೋತಿ ಇರುವಾಗ ಸೋಲಾರ್ ಯಾಕೆ ಅಂತ ನಮ್ಮ ಬೀದಿಯೋರೆಲ್ಲಾ ಕೇಳಿದ್ರು. 200 ಯೂನಿಟ್ ಒಳಗಿದ್ರೆ ಸರಿ, ದಾಟಿದ್ರೆ ಪೂರ್ತಿ ಬಿಲ್ಲು ನಾವೇ ಕಟ್ಟಬೇಕಲ್ವಾ? ಮಗನ ಮದುವೆ ಆದ ಮೇಲೆ ಫ್ರಿಜ್ಜು, ವಾಷಿಂಗ್ ಮಿಷನ್ನು, ನೀರಿನ ಮೋಟ್ರು, ಅವನ ಕರೆಂಟ್ ಸ್ಕೂಟ್ರು ಎಲ್ಲಾ ಸೇರಿ ತಿಂಗಳಾ ದಾಟ್ತಿತ್ತು. 2024ರಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಬಂತು. ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಅಥವಾ ಅದಕ್ಕಿಂತ ಹೆಚ್ಚಿದ್ರೆ 78,000 ರೂಪಾಯಿ ಸಬ್ಸಿಡಿ. ಸಂಘದ ಸಾಲ ಒಂದಷ್ಟು, ಅರಿಶಿನ ಮಾರಿದ ದುಡ್ಡು ಒಂದಷ್ಟು ಸೇರ್ಸಿ ಆರು ಪ್ಯಾನಲ್ ಹಾಕಿಸ್ದೊ.

ನಮ್ಮ ತಾರಸಿಗೆ ಒಂದು ತೊಂದ್ರೆ. ಪಡುವಲ ಕಡೆ ಎರಡು ತೆಂಗಿನಮರ. ಮೂರು ಗಂಟೆ ಆಗ್ತಿದ್ದಂಗೆ ನೆರಳು ಎರಡು ಪ್ಯಾನಲ್ ಮೇಲೆ ಬೀಳ್ತದ. ಎಲ್ಲಾ ಪ್ಯಾನಲ್ಲನ್ನೂ ಸಾಲಾಗಿ ಪೋಣಿಸಿ ಕೆಳಗೆ ಒಂದೇ ದೊಡ್ಡ ಇನ್ವರ್ಟರ್ ಇಟ್ರೆ, ಒಂದ್ರ ಮೇಲೆ ನೆರಳು ಬಿದ್ರೆ ಅದ್ರ ಪೆಟ್ಟು ಸಾಲಿಗೆಲ್ಲಾ ತಟ್ತದ. ಮರ ತೆಗೆಸೋಣ ಅಂದ್ರೆ ನಮ್ಮತ್ತೆ ‘ನಾನಿರಾಗಂಟ ಬುಡದ ಹತ್ರ ಕೊಡ್ಲಿ ತರಬ್ಯಾಡಿ’ ಅಂದ್ರು. ಅದ್ಕೇ ಮೈಕ್ರೋ ಇನ್ವರ್ಟರ್ ಹಾಕಿಸಿದ್ದು. ಒಂದೊಂದು ಪ್ಯಾನಲ್ ಬೆನ್ನಿಗೂ ಒಂದೊಂದು ಸಣ್ಣ ಪೆಟ್ಟಿಗೆ. ಬಿಸಿಲಿಂದ ಬರೋ ಡಿಸಿ ಕರೆಂಟನ್ನ ಅಲ್ಲೇ 230 ವೋಲ್ಟಿನ ಮನೆ ಕರೆಂಟು ಮಾಡ್ತದ. ಒಂದಕ್ಕೆ ನೆರಳಾದ್ರೆ ಮಿಕ್ಕಿದ್ದು ತಮ್ಮ ಪಾಡಿಗೆ ದುಡೀತವ.

ಈಗ ಡಬ್ಬದ ವಿಚಾರ. ಮೂರು ಪ್ಯಾನಲ್ಲಿಗೆ ಒಂದು ಸಾಲಿನಂಗೆ ಎರಡು ಸಾಲು. ಎರಡು ಸಾಲಿಂದ ಎರಡು ವಯರು. ಅವೆರಡನ್ನೂ ಒಂದು ಮಾಡಿ ಮೀಟರ್ ಕಡೆ ಕಳ್ಸೋ ಡಬ್ಬಕ್ಕೆ ಎಸಿಡಿಬಿ ಅಂತಾರೆ. ಕೆಲಸಕ್ಕೆ ಬಂದ ಹೈದ, ‘ಡಬ್ಬಕ್ಯಾಕ ದುಡ್ಡು ಹಾಕ್ತೀರಿ? ಮ್ಯಾಲೇ ಎರಡು ವಯರ್ ತಿರುಚಿ ಟೇಪ್ ಸುತ್ತಿ, ಒಂದೇ ವಯರ್ ಇಳ್ಸಿ, ಒಂದು ಎಂಸಿಬಿಗೆ ಕೊಡ್ತೀನಿ. ಎರಡೂವರೆ ಸಾವ್ರ ಉಳೀತದ’ ಅಂದ. ನಮ್ಮೆಜಮಾನ್ರು ತಲೆ ಆಡ್ಸೇಬುಟ್ರು. ನಾನು ಆಗಲ್ಲ ಅಂದೆ. ‘ನಿಂಗ್ಯಾನಮ್ಮಿ ಗೊತ್ತು ಕರೆಂಟ್ ವಿಚಾರ?’ ಅಂದ್ರು.

ನಂಗೆ ಗೊತ್ತಿದ್ದಿದ್ದು ಒಂದೇ. ನಾನು ಎಸ್ಸೆಸ್ಸೆಲ್ಸಿ ಓದೋ ವರ್ಷ ನಮ್ಮ ಸ್ವಾದರಮಾವ ಮಳೇಲಿ ಬಾಳೆತೋಟದ ಪಂಪ್‌ಸೆಟ್ ಆಫ್ ಮಾಡಕ್ಕೆ ಹೋದ್ರು. ಸ್ಟಾರ್ಟರಿನ ತಗಡು ಡಬ್ಬಕ್ಕೆ ಅರ್ತಿಂಗ್ ಇರ್ನಿಲ್ಲ. ಒಳಗೆ ವಯರ್ ಸುಲಿದು ಡಬ್ಬದ ಮೈಗೆಲ್ಲಾ ಕರೆಂಟ್ ಹರೀತಿತ್ತು. ಊಟಕ್ಕೆ ಬರ್ನಿಲ್ಲವಲ್ಲ ಅಂತ ಹುಡಿಕ್ಕೊಂಡು ಹೋದ ಅತ್ತೆಮ್ಮನೇ ಮೊದ್ಲು ನೋಡಿದ್ದು. ಆಗ ಅವ್ರ ಕಂಕುಳಲ್ಲಿ ಆರು ತಿಂಗಳ ಕೂಸಿತ್ತು. ಇಷ್ಟೇ ಹೇಳ್ತೀನಿ, ಜಾಸ್ತಿ ಬರೆಯಕ್ಕಾಗಲ್ಲ. ಅವತ್ತಿಂದ ಯಾವ ಕರೆಂಟ್ ಡಬ್ಬ ಕಂಡ್ರೂ ನಂಗೆ ಅದೇ ತಗಡು ಡಬ್ಬ ಕಣ್ಮುಂದೆ ಬತ್ತದ.

ಮಾರನೇ ದಿನ ಮಗನ್ನ ಕರ್ಕೊಂಡು ಮೈಸೂರಿಗೆ ಹೋದೆ. ಅಂಗಡೀಲಿ ಒಬ್ರು ವಯಸ್ಸಾದೋರು ಬೇಜಾರು ಮಾಡ್ಕಳ್ದೆ ಕಾಗದದ ಮೇಲೆ ಬರ್ದು ತೋರ್ಸುದ್ರು. ಲೆಕ್ಕ ಬಲು ಸುಲಭ. ನಮ್ಮ ಒಂದು ಮೈಕ್ರೋ ಇನ್ವರ್ಟರ್ ಹೆಚ್ಚಂದ್ರೆ 500 ವ್ಯಾಟ್ ಕೊಡ್ತದ. ಅದನ್ನ 230 ವೋಲ್ಟಿಂದ ಭಾಗಿಸಿದ್ರೆ ಸುಮಾರು 2.2 ಆಂಪಿಯರ್. ಮೂರು ಸೇರಿದ ಒಂದು ಸಾಲಿಗೆ ಆರೂವರೆ. ಎರಡು ಸಾಲಿಗೆ 13. ಬಿಸಿಲು ಗಂಟೆಗಟ್ಲೆ ಬಿಡದಂಗೆ ಇರ್ತದಲ್ಲ, ಅದ್ಕೇ ಕಾಲು ಭಾಗ ಜಾಸ್ತಿ ಹಿಡೀಬೇಕು. ಸಾಲಿಗೆ ಎಂಟು ಚಿಲ್ರೆ ಆಯ್ತು, 10 ಆಂಪಿಯರಿನ ಎಂಸಿಬಿ. ಒಟ್ಟಿಗೆ 16 ಚಿಲ್ರೆ, ಮೇನಿಗೆ 20.

‘ಎರಡಕ್ಕೂ ಒಂದೇ ಹಾಕಿದ್ರೆ ಏನಾಯ್ತದೆ ಸಾರ್?’ ಅಂತ ಕೇಳ್ದೆ. ‘ಒಂದೇ ಅಂದ್ರೆ ದೊಡ್ಡದು ಹಾಕ್ಬೇಕಮ್ಮ. ಸಣ್ಣ ವಯರಲ್ಲಿ ತೊಂದ್ರೆ ಆದ್ರೆ ದೊಡ್ಡ ಎಂಸಿಬಿ ಬೇಗ ಬೀಳಲ್ಲ. ಅಷ್ಟರಲ್ಲಿ ವಯರ್ ಬೆಂದಿರ್ತದೆ’ ಅಂದ್ರು. ಮನೆ ಒಳಗಿನ ಬೋರ್ಡಲ್ಲಿ ಖಾಲಿ ಇರೋ ಜಾಗಕ್ಕೆ ಸೋಲಾರ್ ವಯರ್ ಸಿಗಿಸೋದೂ ಬೇಡ ಅಂದ್ರು. ಆ ಬೋರ್ಡು ಒಂದೇ ಕಡೆಯಿಂದ ಬರೋ ಕರೆಂಟಿಗೆ ಮಾಡಿದ್ದು, ಈಗ ಎರಡು ಕಡೆಯಿಂದ ಬತ್ತದ.

ನಾವು ತಂದಿದ್ದು ಪ್ಲಾಸ್ಟಿಕ್ ಮೈಯ, ಐಪಿ65 ಅಂತ ಬರ್ದಿರೋ ಡಬ್ಬ. ಧೂಳೂ ಹೋಗಲ್ಲ, ಮಳೆ ಎರಚಲೂ ಹೋಗಲ್ಲ. ಒಳಗೆ ಸಾಲಿಗೊಂದು ಎಂಸಿಬಿ, ಎಸಿಗೆ ಅಂತಲೇ ಮಾಡಿದ್ದು, ಐಎಸ್‌ಐ ಗುರುತಿಂದು, ಫೇಸು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯೋದು. ಎಲ್ಲಾ ಒಂದೇ ಏಟಿಗೆ ಆಫ್ ಮಾಡಕ್ಕೆ ಒಂದು ಮೇನು. ಮಿಂಚು ಹೊಡ್ದಾಗ ನುಗ್ಗೋ ಕರೆಂಟನ್ನ ಭೂಮಿಗೆ ಇಳ್ಸೋ ಎಸ್‌ಪಿಡಿ. ಅದ್ರಲ್ಲಿ ಸಣ್ಣ ಕಿಂಡಿ ಅದ, ಹಸಿರಿದ್ರೆ ಸರಿ, ಕೆಂಪಾದ್ರೆ ಬದಲಾಯಿಸ್ಬೇಕು. ಯುಗಾದಿ ಕಳೆದ ಮೇಲೆ ನಮ್ಮ ಕಡೆ ಗುಡುಗು ಮಿಂಚಿನ ಮಳೆ ಹೆಂಗೆ ಬತ್ತದ ಅಂತ ನಿಮಗೆ ನಾನು ಹೇಳ್ಬೇಕಾ? ವಯರ್ ತೂರೋ ತೂತು ಡಬ್ಬದ ಕೆಳಗಡೆ ಇರ್ಬೇಕು. ಮೇಲ್ಗಡೆ ಇದ್ರೆ ವಯರ್ ಹಿಡ್ಕೊಂಡೇ ನೀರು ಒಳಕ್ಕೆ ಇಳೀತದ. ಸಂದು ಬಿಟ್ರೆ ಇರುವೆ, ಹಲ್ಲಿ ಸಂಸಾರ ಹೂಡ್ತವ.

ಅರ್ತಿಂಗ್ ಗುಂಡಿ ಡಬ್ಬಕ್ಕೆ ಬೇರೆ, ತಾರಸಿ ಮೇಲಿನ ಮಿಂಚಿನ ಕಂಬಿಗೆ ಬೇರೆ ತೋಡಿಸ್ದೆ. ಬೇಸಿಗೇಲಿ ವಾರಕ್ಕೊಂದ್ಸಲ ಒಂದು ಬಿಂದಿಗೆ ನೀರು ಹುಯ್ತೀನಿ. ಆಮೇಲೆ ಇನ್ನೆರಡು ಹಟ ಹಿಡಿದೆ. ಡಬ್ಬ ನನ್ನ ಕೈಗೆ ಎಟುಕೋ ಎತ್ತರದಲ್ಲಿ ಇರ್ಬೇಕು, ಸ್ಟೂಲ್ ಹತ್ತಂಗಿರಬಾರ್ದು. ಒಂದೊಂದು ಎಂಸಿಬಿ ಮೇಲೂ ಕನ್ನಡದಲ್ಲಿ ಬರೀಬೇಕು. ‘ಬೀದಿ ಸಾಲು’, ‘ತೆಂಗಿನಮರದ ಸಾಲು’, ‘ಎಲ್ಲಾ ಆಫ್’. ಹೈದ ನಗ್ತಾ ಬರೆದ.

ಹಾಕಿಸಿ ನಾಲ್ಕು ತಿಂಗಳಿಗೆ ಒಂದಿನ ಬೆಳಿಗ್ಗೆ ಜಿನುಗು ಮಳೆ. ಮನೇಲಿ ನಾನು, ನಮ್ಮತ್ತೆ ಇಬ್ರೇ. ಪಾತ್ರೆ ತೊಳೀತಿದ್ದೆ, ಡಬ್ಬದಲ್ಲಿ ಟಪ್ ಅಂತು. ಕೈ ಒರೆಸ್ಕೊಂಡು, ಚಪ್ಲಿ ಮೆಟ್ಕೊಂಡು ಹೋಗಿ ನೋಡಿದ್ರೆ ‘ತೆಂಗಿನಮರದ ಸಾಲು’ ಬಿದ್ದಿತ್ತು. ಒಂದ್ಸಲ ಎತ್ತುದೆ, ತಿರ್ಗ ಬಿತ್ತು. ಅಲ್ಲಿಗೆ ಬುಟ್ಟೆ. ಎತ್ತಿ ಎತ್ತಿ ಒತ್ತಬಾರ್ದು ಕನವ್ವ, ಎಂಸಿಬಿ ಬಿತ್ತು ಅಂದ್ರೆ ಅದು ನಮಗೆ ಏನೋ ಹೇಳ್ತದ ಅಂತ. ಮಿಕ್ಕ ಮೂರು ಪ್ಯಾನಲ್ ನಡೀತಾನೇ ಇದ್ವು. ಸಾಯಂಕಾಲ ಆ ಹೈದ ಬಂದು ಮೇನ್ ಆಫ್ ಮಾಡಿ ಹತ್ತಿ ನೋಡಿದ್ರೆ, ಪ್ಯಾನಲ್ ಅಡಿ ವಯರನ್ನ ಅಳಿಲು ಕಡಿದಿತ್ತು. ತೆಂಗಿನಮರದಿಂದ ಇಳಿದು ಬಂದಿದ್ದು! ನಮ್ಮತ್ತೆ ಅವತ್ತು ಮರದ ಮಾತೇ ಎತ್ನಿಲ್ಲ. ಯಾವ ಸಾಲು ಅಂತ ಹುಡುಕೋ ಕೆಲಸವೇ ಇರ್ನಿಲ್ಲ ಅಂತ ಹೈದನೇ ಒಪ್ಕೊಂಡ.

ಇನ್ನೊಂದು ವಿಚಾರ. ಬೀದಿ ಕರೆಂಟ್ ಹೋದ್ರೆ ನಮ್ಮ ಸೋಲಾರೂ ನಿಲ್ತದ. ‘ಲಕ್ಷ ಸುರುದು ಕತ್ಲಲ್ಲಿ ಕೂರದಾ?’ ಅಂತ ನಂಗೂ ಮೊದ್ಲು ಸಿಟ್ಟು ಬಂತು. ಆಮೇಲೆ ಗೊತ್ತಾಯ್ತು, ಕಂಬ ಹತ್ತಿರೋ ಲೈನ್‌ಮನ್‌ಗೆ ನಮ್ಮ ತಾರಸಿಯಿಂದ ಕರೆಂಟ್ ಹರೀಬಾರ್ದು ಅಂತ ಹಂಗೆ ಮಾಡವ್ರೆ. ಅವನಿಗೂ ಮನೇಲಿ ಒಬ್ಳು ಬುತ್ತಿ ಕಟ್ಟಿ ಕಳಿಸಿರ್ತಾಳೆ. ಸಿಟ್ಟು ಇಳೀತು.

ಹಂಗಾಗಿ ತಂಗಿ, ಯಾವ ಕಂಪನಿ ಡಬ್ಬ ಅಂತ ಮೊದ್ಲು ಕೇಳ್ಬ್ಯಾಡ. ಸಾಲಿಗೊಂದು ಎಂಸಿಬಿ ಅದಾ, ಮೇನ್ ಅದಾ, ಅರ್ತಿಂಗ್ ಅದಾ, ನಿನ್ನ ಕೈಗೆ ಎಟುಕ್ತದಾ, ಇಷ್ಟು ಕೇಳು. ನಿಮ್ಮೆಜಮಾನ್ರು ‘ನಿಂಗ್ಯಾನ ಗೊತ್ತು’ ಅಂದ್ರೆ ಫೋನ್ ನಮ್ಮೆಜಮಾನ್ರಿಗೆ ಕೊಡ್ಸು. ಈಗ ಅವ್ರೇ ಊರೋರಿಗೆಲ್ಲಾ ಎಂಸಿಬಿ ಲೆಕ್ಕ ಹೇಳ್ತಾವ್ರೆ.