ಘಟ್ಟದ ಹಳಿಗಳ ಕುರಿತು

ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗಿನ ಸುಮಾರು 55 ಕಿಲೋಮೀಟರುಗಳ ಮಾರ್ಗದಲ್ಲಿ, 57 ಸುರಂಗಗಳ ಕತ್ತಲೆಯನ್ನೂ ಅವುಗಳ ನಡುನಡುವೆ ಥಟ್ಟನೆ ತೆರೆದುಕೊಳ್ಳುವ ಕಣಿವೆಗಳ ಹಸುರನ್ನೂ ಕಿಟಕಿಯ ಕಂಬಿಗೆ ಹಣೆಯೊತ್ತಿ ನೋಡುತ್ತ ಕುಳಿತವರಿಗೆ, ಗಾಡಿ ಏಕಿಷ್ಟು ನಿಧಾನವೆಂಬ ಪ್ರಶ್ನೆ ಏಳುವುದು ಸಹಜವೇ ಆದರೂ, 50 ಅಡಿ ಸಾಗುವಷ್ಟರಲ್ಲಿ 1 ಅಡಿ ಏರಬೇಕಾದ ಆ ಕಡಿದಾದ ದಾರಿಯಲ್ಲಿ ಹಿಂದಿನಿಂದ ಒತ್ತುಗೊಡುವ ಹೆಚ್ಚುವರಿ ಎಂಜಿನುಗಳ ಶ್ರಮವನ್ನು ಅರಿತೊಡನೆ ಆ ಪ್ರಶ್ನೆ ತಾನಾಗಿಯೇ ಶಾಂತವಾಗುತ್ತದೆ.

ಭವಿಷ್ಯದ ರೈಲು ಎಂದೊಡನೆ ನಾವು ವೇಗವನ್ನೇ ಧ್ಯಾನಿಸುತ್ತೇವೆ. ಆದರೆ 2024ರ ಜುಲೈ ತಿಂಗಳಲ್ಲಿ ಇದೇ ಮಾರ್ಗದ ಎಡಕುಮೇರಿ ಮತ್ತು ಕಡಗರವಳ್ಳಿಗಳ ನಡುವೆ ಭೂಮಿ ಕುಸಿದು, ಬೆಂಗಳೂರು–ಮಂಗಳೂರು ಸಂಚಾರವು ಹಲವು ದಿನ ಸ್ತಬ್ಧವಾದುದನ್ನು ಕಂಡವರು, ಈ ಘಟ್ಟಕ್ಕೆ ವೇಗಕ್ಕಿಂತ ಮೊದಲು ಭದ್ರವಾದ ಇಳಿಜಾರೂ, ಮಳೆನೀರು ಸರಾಗವಾಗಿ ಹರಿದುಹೋಗುವ ಚರಂಡಿಯೂ, ಮಣ್ಣಿನ ಚಲನೆಯನ್ನು ಮುಂಚಿತವಾಗಿಯೇ ಸೂಚಿಸುವ ಯಂತ್ರಗಳೂ ಬೇಕೆಂಬುದನ್ನು ಒಪ್ಪದಿರಲಾರರು.

ಇದೇ ದಾರಿಯಲ್ಲಿ ಒಮ್ಮೆ, ಸುರಿಯುವ ಮಳೆಯಲ್ಲಿ, ಕೈಯಲ್ಲೊಂದು ದೀಪ, ಹೆಗಲ ಮೇಲೊಂದು ಸುತ್ತಿಗೆ ಹೊತ್ತು ಹಳಿಗುಂಟ ನಡೆದುಬಂದ ಗ್ಯಾಂಗ್‌ಮನ್ ಒಬ್ಬನು, ಸುರಂಗದ ಬಾಯಲ್ಲಿ ಗೋಡೆಗೆ ಬೆನ್ನೊತ್ತಿ ನಿಂತು ನಮ್ಮ ಗಾಡಿಗೆ ದಾರಿಬಿಟ್ಟುದನ್ನು ನಾನು ತೀರ ಹತ್ತಿರದಿಂದ ಕಂಡೆನು. ಅವನ ರೇನ್‌ಕೋಟಿನ ಅಂಚಿನಿಂದ ನೀರು ಧಾರೆಧಾರೆಯಾಗಿ ಇಳಿಯುತ್ತಿದ್ದಿತು. ಒಳಗೆ ನಾವೆಲ್ಲ ಬೆಚ್ಚಗಿದ್ದೆವು. ನೂತನ ರೈಲುಗಳಿಗಾಗಿ ಕೋಟಿಗಳನ್ನು ವ್ಯಯಿಸುವಾಗ, ಇಂಥವನ ಪಾಲಿಗೆ ನಡುದಾರಿಯಲ್ಲಿ ಮಳೆ ತಾಗದ ತಂಗುದಾಣವನ್ನೂ, ಅಪಾಯದ ಸುದ್ದಿಯನ್ನು ಕ್ಷಣದಲ್ಲಿ ಮುಟ್ಟಿಸುವ ಸಾಧನವನ್ನೂ ಮೊದಲು ಒದಗಿಸಬೇಕೆಂದು ನಾವೆಲ್ಲರೂ ಕೇಳೋಣ.